ಒಂದೇ ಮೊಳೆಗೆ ಇಬ್ಬರು ದೊರೆಗಳು

ಕೊರೋನಾದ ಮೊದಲ ಚಳಿಗಾಲ. ಜಪಾನಿನ ಗ್ಯೋಟೋಕು ಸ್ಟೇಷನ್ ಹಿಂದಿನ ನೇಪಾಳಿ ಅಂಗಡಿಯಲ್ಲಿ ಹಚ್ಚಿದ್ದ ಧೂಪದ ವಾಸನೆ ಮಾಸ್ಕನ್ನೂ ದಾಟಿ ಬಂದಾಗ, ಬೇಳೆ ಪೊಟ್ಟಣ ಹಿಡಿದವಳು ಹಾಗೇ ನಿಂತುಬಿಟ್ಟೆ. ಅದು ನಮ್ಮ ಕಠ್ಮಂಡುವಿನ ಮನೆಯ ವಾಸನೆ. ನಿಮಗೂ ಇಂಥದೊಂದು ಕಳೆದುಹೋದ ಮನೆ ಇದ್ದೀತು. ಉಡುಪಿ ಕಡೆಯ ನಮ್ಮಪ್ಪ, ದೊಡ್ಡಪ್ಪ ಇಬ್ಬರೂ ಅಲ್ಲಿ ಅರಮನೆಗೆ ಸೇರಿದ ಸಣ್ಣ ಗುಡಿಯೊಂದರ ಅರ್ಚಕರು. ಗುಡಿಯ ಹಿಂದೆಯೇ ಮನೆ. ಕೆಂಪು ಇಟ್ಟಿಗೆ, ಕತ್ತಲೆ ಮೆಟ್ಟಿಲು, ಒಲೆಯ ಮೇಲೆ ಅಮ್ಮನ ಹುಳಿ. ಪಡಸಾಲೆಯಲ್ಲಿ ದೇವರ ಪಟಕ್ಕಿಂತ ದೊಡ್ಡದು ರಾಜನ ಪಟ. ಬೆಳಗಿನ ಸಂಕಲ್ಪದಲ್ಲಿ ರಾಜನ ಹೆಸರು ಹೇಳಿ ಅವನ ಆಯುಸ್ಸು ಬೇಡಿದ ಮೇಲೆಯೇ ದೇವರಿಗೆ ನೀರು. ದೊಡ್ಡಪ್ಪನಂತೂ ಆ ಪಟದ ಮುಂದೆ ಬಗ್ಗಿ ಬಗ್ಗಿ ನೆಟ್ಟಗೆ ನಿಲ್ಲುವುದನ್ನೇ ಮರೆತಿದ್ದ. ಅವನಿಗೆ ಬಹುವಚನ ಕೊಡಲು ನನಗೆ ಇವತ್ತಿಗೂ ಮನಸ್ಸಿಲ್ಲ.

ರಾಜ ಹೋದ, ಕಮ್ಯುನಿಸ್ಟರು ಬಂದರು. ಜನ ಬೀದಿಯಲ್ಲಿ ಕುಣಿದ ಮರುದಿನವೇ ದೊಡ್ಡಪ್ಪ ರಾಜನನ್ನು ಇಳಿಸಿ ಅಕ್ಕಿ ಡಬ್ಬದ ಹಿಂದೆ ತಳ್ಳಿ, ಅದೇ ಮೊಳೆಗೆ ಪಕ್ಷದ ನಾಯಕನನ್ನು ನೇತುಹಾಕಿದ. ಹೊಸ ಪಟ ಚಿಕ್ಕದು. ಸುತ್ತಲೂ ಹಳೆಯದರ ಬಿಳಿ ಗುರುತು ಇಣುಕುತ್ತಿತ್ತು. 'ಗಾಳಿ ಬಂದಾಗ ತೂರಿಕೊಳ್ಳಬೇಕು ಮಾರಾಯ,' ಎಂದ ಅಪ್ಪನಿಗೆ. ದೇವರೇ ಇಲ್ಲವೆಂದು ಮೈಕಿನಲ್ಲಿ ಕೂಗುತ್ತಿದ್ದವರಲ್ಲಿ ಒಬ್ಬ, ತಾನು ಮಂತ್ರಿಯಾಗುವ ದಿನ ಬೆಳಗ್ಗೆ, ಹಿತ್ತಿಲ ಬಾಗಿಲಿನಿಂದ ಪೂಜೆಗೆ ಬಂದ. ಹೊಸ ರೇಷ್ಮೆ ಶಾಲು, ಬೆರಳಿಗೊಂದು ಉಂಗುರ. ಅಪ್ಪ ಕಣ್ಣು ಮುಚ್ಚಿ ಸಂಕಲ್ಪ ಹೇಳಿದರು. ಅವನ ಹೆಸರು ಬರಬೇಕಾದಲ್ಲಿ ರಾಜನ ಹೆಸರು ಬಂತು. ಅವನ ಮುಖ ಕಪ್ಪಿಟ್ಟಿತು. ದೊಡ್ಡಪ್ಪ ದಡಕ್ಕನೆ ಅವನ ಕಾಲಿಗೆ ಬಿದ್ದು, 'ರಾಜನ ಕಡೆಯವನು ನನ್ನ ತಮ್ಮ, ನಾನಲ್ಲ' ಎಂದ. ವಾರದೊಳಗೆ ನಾವು ಹೊರಬಿದ್ದೆವು. ಇಡೀ ಮನೆ ದೊಡ್ಡಪ್ಪನದಾಯಿತು.

ಧೂಪ ಕೊಂಡು ಬಂದು ಅಪ್ಪನಿಗೆ ಫೋನ್ ಮಾಡಿದೆ. ಉಡುಪಿಯ ಬಾಡಿಗೆ ಕೋಣೆಯಲ್ಲಿ ಕೆಮ್ಮುತ್ತಿದ್ದರು. ಅವರೊಬ್ಬರಾದರೂ ಬಗ್ಗಲಿಲ್ಲವಲ್ಲ ಎಂದು ಹನ್ನೆರಡು ವರ್ಷ ಒಳಗೊಳಗೇ ಬೀಗಿದ್ದೆ. 'ಅಪ್ಪಾ, ಅವತ್ತು ರಾಜನ ಹೆಸರು ಬೇಕಂತಲೇ ಹೇಳಿದ್ದಾ?'

ಅಪ್ಪ ನಕ್ಕರು. 'ಛೆ, ಇಲ್ಲಮ್ಮ. ಆ ರಾಜನೂ ಏನು ದೊಡ್ಡ ಮನುಷ್ಯನಲ್ಲ. ಬಾಯಿಗೆ ರೂಢಿಯಾಗಿತ್ತು, ಅಷ್ಟೆ.'

ಧೂಪ ಹಚ್ಚಿದರೆ ಮಗಳು 'ಮಮ್ಮಾ, ಕುಸಾಯ್, ನಾತ!' ಎಂದು ಮೂಗು ಮುಚ್ಚಿಕೊಂಡಳು. ಆರಿಸಿಬಿಟ್ಟೆ. ಹದಿನೈದು ದಿನಕ್ಕೆ ಅಪ್ಪ ತೀರಿಕೊಂಡರು, ಹೋಗೋಣವೆಂದರೆ ವಿಮಾನವಿಲ್ಲ. ಬೆಳಗಾದರೆ ಯಾರ್ಯಾರದೋ ಹೆಸರಿಗೆ ಆಯುಸ್ಸು ಬೇಡುತ್ತಿದ್ದವರು, ತಮ್ಮ ಹೆಸರಿಗೆ ಬೇಡಿದ್ದನ್ನು ನಾನೊಮ್ಮೆಯೂ ಕೇಳಿಲ್ಲ.