ನಾಲ್ಕು ಬೆರಳು ಹೆಚ್ಚಿಗೆ

ಮೊನ್ನೆ ತೋಟದ ಶೆಡ್ಡು ಗುಡಿಸುವಾಗ ಕಸಬರಿಗೆಗೆ ಏನೋ ತಗುಲಿ ಠಣ್ ಎಂದಿತು. ಬಗ್ಗಿ ನೋಡಿದರೆ ಕಬ್ಬಿಣದ ಕೊಳವೆಯ ಒಂದು ಮೋಟು ತುಂಡು. ಅದಕ್ಕೆ ಮೆತ್ತಿದ್ದ ಗ್ರೀಸು ಕಪ್ಪಾಗಿ ಹೆಪ್ಪುಗಟ್ಟಿತ್ತು, ಆದರೆ ವಾಸನೆ ಹೋಗಿರಲಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಡವಡವ ಅನ್ನತೊಡಗಿತು. ಇಷ್ಟು ವರ್ಷವಾದರೂ ಮೈ ಆ ಬೆಳಗನ್ನು ಮರೆತಿಲ್ಲ... ತುಂಡನ್ನು ಕೈಯಲ್ಲಿ ಹಿಡಿದು ಅಲ್ಲೇ ಕುಳಿತುಬಿಟ್ಟೆ. ದರ್ಜಿ ಚಾಚಾ ಕಣ್ಣ ಮುಂದೆ ಬಂದರು.

ಅವರದು ಮಸ್ಕಿಯ ಬಜಾರಿನಲ್ಲಿ ಸಣ್ಣದೊಂದು ಹೊಲಿಗೆ ಅಂಗಡಿ. ನಮ್ಮ ದಾಳಿಂಬೆ ತೋಟಕ್ಕೆ ಹತ್ತಿಕೊಂಡೇ ಅವರ ತುಂಡು ಹೊಲ. ಬೆಳಿಗ್ಗೆ ಹೊಲ ನೋಡಿಕೊಂಡು, ಆಮೇಲೆ ಅಂಗಡಿ ತೆರೆಯುತ್ತಿದ್ದರು. ನಾನು ಮದುವೆಯಾಗಿ ಬಂದಾಗಿನಿಂದ ನನ್ನ ಕುಪ್ಪಸಗಳನ್ನೆಲ್ಲ ಹೊಲಿದವರು ಅವರೇ. ಬಹಳ ಪುಕ್ಕಲು ಸ್ವಭಾವ. ನಾನೂ ಹಾಗೆಯೇ. ನಾಯಿ ಬೊಗಳಿದರೆ ಇಬ್ಬರೂ ಒಟ್ಟಿಗೆ ಬದುವಿನ ಆಚೆ ಹೋಗಿ ನಿಲ್ಲುತ್ತಿದ್ದೆವು. ನಮ್ಮವರು ನಮ್ಮಿಬ್ಬರನ್ನು ಅಂಜುಬುರುಕರ ಸಂಘ ಎಂದು ಹಾಸ್ಯ ಮಾಡುತ್ತಿದ್ದರು.

ಹೊಲಿಗೆಯಲ್ಲೂ ಅವರ ಅಂಜಿಕೆ ಕಾಣುತ್ತಿತ್ತು. ಎಂಥ ಬಟ್ಟೆ ಕೊಟ್ಟರೂ ಒಳಮಗ್ಗುಲಲ್ಲಿ ನಾಲ್ಕು ಬೆರಳು ಹೆಚ್ಚಿಗೆ ಮಡಚಿ, ಪಕ್ಕಪಕ್ಕದಲ್ಲಿ ಮೂರು ಸಾಲು ಹೊಲಿಗೆ ಹಾಕುತ್ತಿದ್ದರು. ಮೈ ತುಂಬಿಕೊಂಡರೆ ಒಂದೊಂದೇ ಸಾಲು ಬಿಚ್ಚಿಕೊಳ್ಳಬೇಕು. "ಬಟ್ಟಿ ಕಡಿಮಿ ಬಿತ್ತಂದ್ರ ಯಾರ ಮುಂದ ಹೋಗಿ ಅಳೂದು ಬೇಟಿ? ಹೆಚ್ಚಿದ್ರ ಮುಂದ ಬಿಚ್ಚಾಕ ಬರ್ತದ" ಅನ್ನುತ್ತಿದ್ದರು. ಹೆಂಗಸರಿಗೆಲ್ಲ ಇದಕ್ಕೇ ಅವರೆಂದರೆ ಇಷ್ಟ.

ಹೀಗಿರುವಾಗ ನಮ್ಮವರು ದಾಳಿಂಬೆ ಸಾಲುಗಳ ನಡುವೆ ಹಿಡಿಸುವಂಥ ಒಂದು ಸಣ್ಣ ಟ್ರ್ಯಾಕ್ಟರನ್ನು ಯಾರಿಂದಲೋ ಹಳೆಯದೇ ಕೊಂಡು ತಂದರು. ಅದರ ಜೊತೆಗೆ ಬೇರೇನೂ ಬರಲಿಲ್ಲ. ಹಿಂದೆ ಕಟ್ಟುವ ರೋಟವೇಟರನ್ನು, ಅದೇ ಮಣ್ಣು ಕಡಿದು ಪುಡಿ ಮಾಡುವ ಯಂತ್ರವನ್ನು, ನಾವೇ ಹುಡುಕಬೇಕಿತ್ತು. ಸಿಂಧನೂರಿಗೆ ಹೋದರೆ ಅಲ್ಲಿ ಸಾಲಾಗಿ ನಿಂತಿದ್ದವೆಲ್ಲ ಗದ್ದೆಯ ಕೆಸರು ತುಳಿಯುವ ದೊಡ್ಡ ಟ್ರ್ಯಾಕ್ಟರುಗಳವು. ಅಂಥದ್ದನ್ನು ನಮ್ಮದಕ್ಕೆ ಕಟ್ಟಿ ಎತ್ತಿದರೆ ನಮ್ಮ ಟ್ರ್ಯಾಕ್ಟರಿನ ಮುಂದಿನ ಗಾಲಿಗಳೇ ನೆಲ ಬಿಟ್ಟು ಏಳುತ್ತಿದ್ದವು. ಅಂಗಡಿಯವರು ಮಾತ್ರ "ಕುಂದ್ರತದ, ಒಯ್ರಿ" ಎನ್ನುತ್ತಿದ್ದರು. ನನಗೋ ಆ ಮಾತು ಕೇಳಿದರೇ ಅಂಜಿಕೆಯಾಗುತ್ತಿತ್ತು. ಹೊಂದದ ಯಂತ್ರ ಕಟ್ಟಿಕೊಂಡು ಬೆನ್ನು ಮುರಿದುಕೊಂಡವರ ಕಥೆಗಳನ್ನು ಬಳಗಾನೂರಿನ ನನ್ನ ತಂಗಿ ಫೋನಿನಲ್ಲಿ ಹೇಳಿ ಹೇಳಿ ನನ್ನ ನಿದ್ದೆ ಕೆಡಿಸಿದ್ದಳು. ಆ ಸೀಟಿನ ಮೇಲೆ ಕೂರುವವರು ನನ್ನ ಗಂಡ.

ನನ್ನ ಮುಖ ನೋಡಿಯೇ ಇರಬೇಕು, ಚಾಚಾ ಒಂದು ದಿನ ಟೇಪು ಹಿಡಿದು ಬಂದರು. "ಅಳತಿ ಇಲ್ದ ಅಂಗಿ ತರಾಕ ಆಗ್ತದೇನು? ಮೊದ್ಲ ಇದರ ಮೈ ಅಳೀತೀನಿ" ಎಂದರು. ಟ್ರ್ಯಾಕ್ಟರಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಕೊಂಡಿಯಿಂದ ಕೊಂಡಿಗೆ, ಗಾಲಿಯಿಂದ ಗಾಲಿಗೆ ಟೇಪು ಹಿಡಿದರು. ಯಂತ್ರ ಸಿಕ್ಕಿಸುವ ಪಿನ್ನಿನ ದಪ್ಪವನ್ನು ದಾರ ಸುತ್ತಿ ತೆಗೆದುಕೊಂಡರು. ಎದೆ, ಸೊಂಟ, ತೋಳು ಎಲ್ಲ ಆಯಿತೇ ಎಂದು ನಮ್ಮವರು ಛೇಡಿಸಿದರು. ಚಾಚಾ ನಗಲಿಲ್ಲ.

ಆ ಟೇಪು ಕೊರಳಿಗೆ ಹಾಕಿಕೊಂಡೇ ನಮ್ಮವರ ಜೊತೆ ಊರೂರು ತಿರುಗಿದರು. ಕೊನೆಗೆ ಲಿಂಗಸುಗೂರಿನ ಒಂದು ಹಳೇ ಸಾಮಾನಿನ ಅಂಗಡಿಯ ಹಿತ್ತಲಲ್ಲಿ ಜಾಲಿ ಮುಳ್ಳಿನ ಮರೆಯಲ್ಲಿ ಬಿದ್ದಿದ್ದ ಒಂದು ರೋಟವೇಟರಿಗೆ ಎಲ್ಲ ಅಳತೆಯೂ ಕೂಡಿತು. ತಪ್ಪಿದ್ದು ಒಂದೇ. ಎಂಜಿನ್ನಿನ ತಿರುಗುವ ಬಲವನ್ನು ಯಂತ್ರಕ್ಕೆ ಒಯ್ಯುವ ಶಾಫ್ಟು ಬಹಳ ಉದ್ದವಿತ್ತು. ಒಂದರೊಳಗೊಂದು ಜಾರುವ ಎರಡು ಕೊಳವೆಗಳು ಅದು. ಮಸ್ಕಿಯಲ್ಲಿ ವೆಲ್ಡಿಂಗಿನವನು ಎಷ್ಟು ಕತ್ತರಿಸಲಿ ಎಂದು ಕೇಳಿದಾಗ ಚಾಚಾ ಯಂತ್ರವನ್ನು ನೆಲದ ಮೇಲಿಟ್ಟು ಅಳೆದರು. ಗುರುತು ಹಾಕುವ ಮುಂಚೆ ತಡೆದು, ಕೈ ಅಡ್ಡ ಇಟ್ಟು, "ನಾಕು ಬೆರಳು ಹೆಚ್ಚಿಗಿ ಇರ್ಲಿ" ಎಂದರು. ಪಕ್ಕದಲ್ಲಿದ್ದ ನನಗೆ ಆ ಮಾತು ಕೇಳಿ ಎಷ್ಟೋ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಕೆಂಪು ಮಣ್ಣು ರವೆಯಂತೆ ಉದುರಾಗಿ ಬೀಳುತ್ತಿತ್ತು. ಚಾಚಾ ಬದುವಿನ ಮೇಲೆ ನನ್ನ ಪಕ್ಕದಲ್ಲಿ ಬೀಗರ ಗತ್ತಿನಲ್ಲಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ತಿರುಗಿಸಲು ನಮ್ಮವರು ಯಂತ್ರವನ್ನು ಮೇಲಕ್ಕೆ ಎತ್ತಿದರು. ಎತ್ತಿದಾಗ ನಡುವಿನ ಜಾಗ ಕುಗ್ಗುತ್ತದೆ, ಶಾಫ್ಟು ಒಳಕ್ಕೆ ಜಾರಬೇಕು. ಜಾರಲು ಜಾಗವನ್ನೇ ಆ ನಾಲ್ಕು ಬೆರಳು ಉಳಿಸಿರಲಿಲ್ಲ. ಹಲ್ಲು ಕಡಿದಂಥ ಸದ್ದು ಕೇಳಿತು. ಶಾಫ್ಟಿನ ಹಿಂದಿನ ತುದಿ ಕಳಚಿ ಬಿತ್ತು. ಮುಂದಿನ ಅರ್ಧ ಟ್ರ್ಯಾಕ್ಟರಿಗೆ ಕಚ್ಚಿಕೊಂಡೇ ಗಿರಗಿರ ತಿರುಗುತ್ತ ಸಿಕ್ಕಿದ್ದನ್ನೆಲ್ಲ ಬಡಿಯತೊಡಗಿತು.

ಅದು ಬಡಿಯುತ್ತಿದ್ದದ್ದು ನನ್ನ ಗಂಡನ ಬೆನ್ನ ಹಿಂದೆ. ಸೀಟಿನ ಬೆನ್ನು ಹರಿದು ಸ್ಪಂಜಿನ ಚೂರುಗಳು ಹಾರಿದವು. ಅವರು ಸ್ಟೇರಿಂಗನ್ನು ತಬ್ಬಿಕೊಂಡು ಮುಂದಕ್ಕೆ ಬಾಗಿದ್ದರು. ಬಂದ್ ಮಾಡ್ರಿ ಎಂದು ಕೂಗಬೇಕೆಂದು ಬಾಯಿ ತೆರೆದೆ, ಕೂಗಲಾಗಲಿಲ್ಲ. ಓಡಲೂ ಆಗಲಿಲ್ಲ. ನಾನು ಮುತ್ತೈದೆಯಾಗಿ ಆ ಬದು ಇಳಿಯುವುದಿಲ್ಲ ಎಂದೇ ಆಗ ತಿಳಿದೆ. ಎಷ್ಟು ಹೊತ್ತಾಯಿತೋ... ಹೇಗೋ ಅವರ ಕೈಗೆ ಎಂಜಿನ್ ನಿಲ್ಲಿಸುವ ಗುಂಡಿ ಸಿಕ್ಕಿತು. ಸದ್ದು ನಿಂತಿತು. ಅವರು ಇಳಿದು ಬಂದರು. ಅಂಗಿಯ ಬೆನ್ನು ಸೀಳಿತ್ತು, ಮೈಗೆ ಒಂದು ಗೀರೂ ಆಗಿರಲಿಲ್ಲ. ತಿರುಗಿ ನೋಡಿದರೆ ಚಾಚಾ ನೆಲದ ಮೇಲೆ ಕುಳಿತುಬಿಟ್ಟಿದ್ದರು. ಟೇಪು ಅವರ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಮರುದಿನ ಅವರು ಬಂದು ಗೇಟಿನ ಆಚೆಯೇ ನಿಂತರು. "ಚಾಚಾ, ಒಳಗ ಬರ್ರಿ, ನನಗೇನೂ ಆಗಿಲ್ರಿ" ಎಂದು ನಮ್ಮವರು ಎರಡು ಸಲ ಕರೆದರೂ ಬರಲಿಲ್ಲ.

"ಕಡಿಮಿ ಬಿದ್ರ ಕೆಡ್ತದ ಅಂತ ಜೀವನಪೂರ್ತಿ ಅಂಜಕೋಂತ ಬಂದೀನಿ ಬೇಟಿ" ಎಂದು ನನಗೆ ಹೇಳಿದರು. "ಹೆಚ್ಚಾದ್ರೂ ಜೀವ ಹೋಗ್ತದ ಅಂತ ಗೊತ್ತಿರಲಿಲ್ಲ."

ಮುರಿದ ಶಾಫ್ಟು ಸರಿಮಾಡಿಸುವಾಗ ಅವರೇ ಗರಗಸ ಹಿಡಿದು ಹೆಚ್ಚಿನದನ್ನು ಕತ್ತರಿಸಿದರು. ಆಗ ಬಿದ್ದ ತುಂಡೇ ಇದು. ಆಮೇಲೆ ಯಂತ್ರ ಎತ್ತಿದರೂ ಇಳಿಸಿದರೂ ಏನೂ ತೊಂದರೆಯಾಗಲಿಲ್ಲ. ಕೆಟ್ಟದ್ದು ಚಾಚಾ. ಅಂದಿನಿಂದ ಯಾರ ಬಟ್ಟೆಯಲ್ಲೂ ಹೆಚ್ಚಿಗೆ ಬಿಡುವುದನ್ನು ನಿಲ್ಲಿಸಿಬಿಟ್ಟರು. ಮೈಗೆ ಅಂಟಿದಂತೆ ಹೊಲಿದು, ಒಳಗೆ ಉಳಿದದ್ದನ್ನು ಕತ್ತರಿಸಿ ಎಸೆಯುತ್ತಿದ್ದರು. ಮಕ್ಕಳ ಅಂಗಿ ಹಬ್ಬದಿಂದ ಹಬ್ಬಕ್ಕೆ ಹಿಡಿಯುತ್ತಿರಲಿಲ್ಲ. ಹೆಂಗಸರು ಜಗಳವಾಡಿದರು, ಆಮೇಲೆ ಬೇರೆ ಅಂಗಡಿ ನೋಡಿಕೊಂಡರು. ನಾನು ಬಿಡಲಿಲ್ಲ. ಟ್ರ್ಯಾಕ್ಟರಿನ ಸದ್ದು ಕೇಳಿದರೆ ಸಾಕು, ಅವರು ಎಲ್ಲಿದ್ದರೂ ಬದುವಿಗೆ ಬಂದು ನನ್ನ ಪಕ್ಕ ನಿಲ್ಲುತ್ತಿದ್ದರು. ಪ್ರತಿ ಸಾಲಿನ ಕೊನೆಗೆ "ತಮ್ಮಾ, ಸಾವಕಾಶ ಎತ್ತು" ಎಂದು ಕೂಗುತ್ತಿದ್ದರು. ಆ ದನಿ ಕೇಳಿದ ಮೇಲೆಯೇ ನನಗೆ ಉಸಿರು.

ಹೋದ ವರ್ಷ ದಸರೆಗೆ ನನಗೊಂದು ಹಸಿರು ಕುಪ್ಪಸ ಹೊಲಿದುಕೊಟ್ಟರು. ಅದೇ ಅವರ ಕೊನೆಯ ಹೊಲಿಗೆ. ಚಳಿಗಾಲದಲ್ಲಿ ಜ್ವರ ಹಿಡಿದು ಮಲಗಿದವರು ಮತ್ತೆ ಏಳಲಿಲ್ಲ.

ಈಗ ನಮ್ಮವರು ಅದೇ ಟ್ರ್ಯಾಕ್ಟರಿಗೆ ಔಷಧ ಹೊಡೆಯುವ ಯಂತ್ರವೊಂದನ್ನು ಹುಡುಕುತ್ತಿದ್ದಾರೆ. ಲಿಂಗಸುಗೂರಿನಲ್ಲಿ ಹಳೆಯದೊಂದು ಇದೆಯಂತೆ. ಅದಕ್ಕೂ ಶಾಫ್ಟು ಬೇಕು. ನಿನ್ನೆ ಊಟ ಮಾಡುತ್ತ, "ಅಳತಿ ಯಾರ ಕಡಿಂದ ತಗಸೂದು?" ಎಂದರು.

ಈ ದಿನ ಅವರ ಜೊತೆ ಲಿಂಗಸುಗೂರಿಗೆ ಹೊರಡಲು ಹಸಿರು ಕುಪ್ಪಸ ತೆಗೆದೆ. ತೋಳು ಏರಿತು, ಮುಂದೆ ಗುಂಡಿ ಕೂಡಲಿಲ್ಲ. ಮೈ ತುಂಬಿಕೊಂಡಿದ್ದೇನೆ. ಇದರಲ್ಲಿ ಬಿಚ್ಚಲು ಏನೂ ಇರುವುದಿಲ್ಲ ಎಂದು ಗೊತ್ತಿದ್ದೂ ಸುಮ್ಮನೆ ಒಳಮಗ್ಗುಲು ತಿರುವಿದೆ. ನಾಲ್ಕು ಬೆರಳು ಬಟ್ಟೆ ಮಡಚಿತ್ತು. ಪಕ್ಕಪಕ್ಕದಲ್ಲಿ ಮೂರು ಸಾಲು ಹೊಲಿಗೆ.

ಬಹಳ ಹೊತ್ತು ಅತ್ತೆ. ಆಮೇಲೆ ಬ್ಲೇಡು ತಂದು ಒಂದು ಸಾಲು ಬಿಚ್ಚಿ ತೊಟ್ಟುಕೊಂಡೆ, ಸರಿಯಾಗಿ ಕುಳಿತಿತು. ಟೇಪೊಂದನ್ನು ಚೀಲದಲ್ಲಿ ಹಾಕಿಕೊಂಡಿದ್ದೇನೆ. ಅಳೆಯುವವಳು ನಾನೇ, ಯಂತ್ರವನ್ನು ಎತ್ತಿಸಿಯೇ ಅಳೆಯುತ್ತೇನೆ. ಬದುವಿನ ಮೇಲೆ ಇಬ್ಬರು ನಿಂತು ಅಂಜುತ್ತಿದ್ದೆವು. ಇನ್ನು ನಾನೊಬ್ಬಳೇ ಅಂಜಬೇಕು.