ಬೈಗುಳವಿಲ್ಲದ ಮಳೆ

ಮಲ್ಲಂದೂರಿನ ಆಚೆಯ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ವಾಸಪ್ಪನವರ ಬಾಯಿಗೆ ಯಾರೂ ಹೆದರುತ್ತಿರಲಿಲ್ಲ, ಅಷ್ಟು ಬೈಯುತ್ತಿದ್ದರು. ಕೊಯ್ಲಿನಲ್ಲಿ ಕಣದ ತುಂಬ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿರುವಾಗ ಎಲ್ಲೋ ಒಂದು ಮೋಡ ಕಂಡರೂ ಸಾಕು, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಓಡಿಬರುವರು. "ರಾಶಿ ಮಾಡ್ರೇ, ಟಾರ್ಪಾಲು ಎಳೀರೇ, ಕೈಗೆ ಲಕ್ವ ಹೊಡ್ದಿದ್ಯಾ!" ನಿದ್ದೆಯಿಲ್ಲ, ಹೊಟ್ಟೆಯಲ್ಲಿ ಉರಿ. ಆದರೂ ಕೊನೆಯ ಲಾರಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೊರಟ ಮೇಲೆ ಎರಡು ದಿನ ಕಂಬಳಿ ಹೊದ್ದು ಮಲಗಿದರೆ ಮನುಷ್ಯ ಮತ್ತೆ ಹೊಸಬ.

ಎರಡು ಸಾವಿರದ ಇಸವಿ ಕಳೆದು ಕಾಫಿಯ ದರ ಬಿದ್ದಾಗ ಧಣಿಗಳು ಆಳುಗಳ ಮೇಲ್ವಿಚಾರಣೆಯ ಮೇಸ್ತ್ರಿಗಳನ್ನು ಕೆಲಸದಿಂದ ಬಿಡಿಸಿ, ಅವರ ಕೆಲಸವನ್ನೂ ವಾಸಪ್ಪನವರ ತಲೆಗೇ ಕಟ್ಟಿದರು. ಅದನ್ನೂ ಹೊತ್ತರು. ಆದರೆ ಆಮೇಲೆ ಎಷ್ಟು ಮಲಗಿ ಎದ್ದರೂ ದಣಿವು ಹೋಗಲಿಲ್ಲ. ಹೇಳಿಕೊಳ್ಳೋಣವೆಂದರೆ ಕ್ವಾರ್ಟರ್ಸಿನಲ್ಲಿ ಇದ್ದದ್ದು ಅವರೊಬ್ಬರೇ.

ಮುಂದಿನ ಜನವರಿಯಲ್ಲಿ ಅಕಾಲದ ಮಳೆ ಬಂತು. ವಾಸಪ್ಪ ಜಗಲಿಯಲ್ಲೇ ನಿಂತಿದ್ದರು. ಕಾಫಿಯ ಮೇಲೆ ಹನಿ ಬೀಳುವುದು ಕಾಣುತ್ತಿತ್ತು. ಎದೆ ಹೊಡೆದುಕೊಳ್ಳಲಿಲ್ಲ, ಕಾಲು ಏಳಲಿಲ್ಲ. ಯಾರದೋ ಕಣದಲ್ಲಿ ಯಾರದೋ ಕಾಫಿ ನೆನೆಯುತ್ತಿದೆ ಅನ್ನಿಸಿತು. ಕಣದ ಹೆಂಗಸರೇ ಓಡಿ ಬಂದು ಮುಚ್ಚುವಷ್ಟರಲ್ಲಿ ಅರ್ಧ ನೆನೆದೇ ಹೋಗಿತ್ತು.

ವರ್ಷಗಟ್ಟಲೆ ಅವರಿಂದ ಬೈಸಿಕೊಂಡ ಕಣದಾಳು ಸೀತು ಒದ್ದೆ ಸೆರಗಿನಲ್ಲೇ ಜಗಲಿ ಹತ್ತಿದಳು.

"ಜ್ವರ ಎಂತಾದ್ರೂ ಬಂದಿದ್ಯಾ ರೈಟ್ರೇ?"

"ಇಲ್ಲ ಮಾರಾಯ್ತಿ."

"ಅರ್ಧ ಕಾಫಿ ನೆನ್ಸಿದೀವಿ. ಬೈರಿ."

ವಾಸಪ್ಪ ಬಾಯಿ ತೆರೆದರು. ಒಂದು ಬೈಗುಳವೂ ಬರಲಿಲ್ಲ. ಸೀತುವಿನ ಕಣ್ಣಲ್ಲಿ ಹೆದರಿಕೆ ಕಂಡಿತು, ಇಷ್ಟು ವರ್ಷ ಬೈದರೂ ಅಲ್ಲಿ ಕಾಣದ ಹೆದರಿಕೆ.