ಮಗಳ ಕೌನ್ಸೆಲರ್, ನನ್ನ ಗುರುವಾರಗಳು

ನಾನು ಪಿಯುಸಿ ಓದಿದ ಹುಬ್ಬಳ್ಳಿಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಅನುಕೂಲಕ್ಕೆಂದು ಇದ್ದದ್ದು ಒಂದು ನೋಟಿಸ್ ಬೋರ್ಡು ಮತ್ತು ಒಂದು ನೀರಿನ ಟಾಕಿ. ಗಣಿತ ತಲೆಗೆ ಹತ್ತದಿದ್ದರೆ ಟ್ಯೂಷನ್ನಿಗೆ ಹೋಗಬೇಕು, ಮನಸ್ಸಿಗೆ ಹತ್ತಿದ ಚಿಂತೆ ಇಳಿಯದಿದ್ದರೆ ಮಠಕ್ಕೆ ಹೋಗಬೇಕು. ಮೂರನೆಯ ದಾರಿ ಇರಲಿಲ್ಲ. ಹಾಗೆ ಓದಿ ಬೆಳೆದವಳನ್ನು ಕರೆದುಕೊಂಡು ಬಂದು, ಇಲ್ಲಿ ಅಮೆರಿಕದ ಟೆಕ್ಸಸ್ಸಿನ ಪ್ಲೇನೋದಲ್ಲಿ ಹನ್ನೊಂದು ಹನ್ನೆರಡನೇ ಕ್ಲಾಸಿನವರಿಗಷ್ಟೇ ಇರುವ ಸೀನಿಯರ್ ಹೈಸ್ಕೂಲಿನೊಳಗೆ ಬಿಟ್ಟರೆ ಏನಾಗಬೇಡ?

ಮಗಳು ಗೌರಿಯನ್ನು ಸೇರಿಸಿದ ದಿನ ನಮಗೆ ಶಾಲೆ ತೋರಿಸಿದರು. ಪರೀಕ್ಷೆ ಎಂದರೆ ಕೈ ನಡುಗುವವರಿಗೆ ಒಂದು ಕೋಣೆ. ಯಾವ ಕಾಲೇಜಿಗೆ ಹೋಗಬೇಕೆಂದು ತಿಳಿಯದವರಿಗೆ ಮತ್ತೊಂದು. ಗಣಿತದಲ್ಲಿ ಹಿಂದೆ ಬಿದ್ದವರಿಗೆ ಶಾಲೆ ಬಿಟ್ಟ ಮೇಲೆ ಪುಕ್ಕಟೆ ಪಾಠ. ಹೊಸದಾಗಿ ಬಂದವರಿಗೆ ಜೊತೆಗಾರರನ್ನು ಹುಡುಕಿಕೊಡುವುದಕ್ಕೂ ಒಂದು ಏರ್ಪಾಡು. ಕೊನೆಗೆ ಸುಮ್ಮನೆ ಕೂತು ಅಳುವುದಕ್ಕೇ ಎನ್ನುವಂತೆ ಮೆತ್ತನೆಯ ಕುರ್ಚಿ, ಟಿಶ್ಯೂ ಡಬ್ಬಿ ಇಟ್ಟ ಒಂದು ಪುಟ್ಟ ಕೋಣೆ. ಅಳುವುದಕ್ಕೂ ಕೋಣೆ! ನಮ್ಮ ಕಾಲದಲ್ಲಿ ಅದಕ್ಕೆ ಬಚ್ಚಲುಮನೆ ಇತ್ತು. ನಾನು ಒಂದೊಂದು ಬಾಗಿಲಲ್ಲೂ ನಿಂತು "ಇಲ್ಲಿ ಏನ್ ಮಾಡ್ತಾರ, ಅಲ್ಲಿ ಏನ್ ಮಾಡ್ತಾರ" ಎಂದು ಮೈಸೂರು ಅರಮನೆ ನೋಡಲು ಬಂದವಳ ಹಾಗೆ ಕೇಳುತ್ತಿದ್ದೆ. ನಮ್ಮ ಯಜಮಾನರು ಮೆಲ್ಲಗೆ ಕಿವಿಯಲ್ಲಿ, "ಅಡ್ಮಿಷನ್ ಆಗಿದ್ದು ಗೌರೀದು. ನಿಂದಲ್ಲ" ಎಂದರು. ಗೌರಿ ಮಾತ್ರ ಯಾವ ಕೋಣೆಯೊಳಗೂ ಇಣುಕಲಿಲ್ಲ.

ಅವಳು ಇಣುಕದಿದ್ದುದಕ್ಕೆ ಕಾರಣವಿತ್ತು. ಅದುವರೆಗೆ ನಾವಿದ್ದದ್ದು ಹ್ಯೂಸ್ಟನ್ ಹತ್ತಿರದ ಪೇರ್ಲ್ಯಾಂಡ್‌ನಲ್ಲಿ. ಅವಳು ಅಂಬೆಗಾಲಿಟ್ಟದ್ದು, ಸೈಕಲ್ ಕಲಿತದ್ದು, ಗೆಳತಿಯರ ಗುಂಪು ಕಟ್ಟಿಕೊಂಡದ್ದು ಎಲ್ಲ ಅಲ್ಲೇ. ಯಜಮಾನರಿಗೆ ಪ್ಲೇನೋದಲ್ಲಿ ಕೆಲಸ ಸಿಕ್ಕಿ ಎಲ್ಲರೂ ಇಲ್ಲಿಗೆ ಶಿಫ್ಟ್ ಆದೆವು. ಹತ್ತನೇ ಕ್ಲಾಸು ಮುಗಿಸಿದ ಹುಡುಗಿಯನ್ನು ಕಿತ್ತು ಬೇರೆ ಕಡೆ ನೆಡುವುದು ಸುಲಭವಲ್ಲ. ವಾರಗಟ್ಟಲೆ ಮಾತು ಬಿಟ್ಟಳು. ಕೊನೆಗೆ ಒಂದು ಒಪ್ಪಂದವಾಯಿತು. ಕ್ರಿಸ್‌ಮಸ್ ರಜೆಯವರೆಗೆ ಇಲ್ಲಿ ಓದುವುದು. ಆಗಲೂ ಹೊಂದಿಕೆಯಾಗದಿದ್ದರೆ ಪೇರ್ಲ್ಯಾಂಡ್‌ನಲ್ಲೇ ಇರುವ ನನ್ನ ಅಣ್ಣನ ಮನೆಗೆ ಹೋಗಿ, ಹಳೆಯ ಗೆಳತಿಯರ ಜೊತೆ ಓದು ಮುಗಿಸುವುದು. ಅಣ್ಣ ಉತ್ಸಾಹದಿಂದ ಕೋಣೆಗೆ ಬಣ್ಣವನ್ನೂ ಹೊಡೆಸಿಬಿಟ್ಟ. ಎರಡು ವರ್ಷ ಕಳೆದರೆ ಹೇಗೂ ಕಾಲೇಜಿಗೆಂದು ಮನೆ ಬಿಡುವವಳು. ಆ ಎರಡು ವರ್ಷವೂ ನನ್ನ ಕೈತಪ್ಪುತ್ತದಲ್ಲ ಎಂದು ನನಗೆ ಸಂಕಟ. ಆದರೆ ಸಂಕಟವಾದಾಗ ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಸಂಕಟ ಹೆಚ್ಚಿದಷ್ಟೂ ನನಗೆ ಹುರುಪು ಹೆಚ್ಚು.

ಶಾಲೆಯಲ್ಲಿ ಗೌರಿಯ ಕಷ್ಟಸುಖ ವಿಚಾರಿಸಲೆಂದು ಇದ್ದ ಕೌನ್ಸೆಲರ್ ಮಿಸೆಸ್ ಡೆಲ್ಗಾಡೊ ಎಂಬಾಕೆ. ದುಂಡು ಮುಖ, ಕೊರಳಿಗೆ ತೂಗುಬಿಟ್ಟ ಕನ್ನಡಕ, ಮಾತಿಗಿಂತ ಮೊದಲು ನಗು. ಆಕೆ ಮೊದಲ ದಿನ ನನ್ನ ಕೈ ಕುಲುಕಿ, "ನನ್ನ ಬಾಗಿಲು ಸದಾ ತೆರೆದಿರುತ್ತದೆ, ಯಾವಾಗ ಬೇಕಾದರೂ ಬನ್ನಿ" ಎಂದರು. ಅಮೆರಿಕದಲ್ಲಿ ಇಂಥ ಮಾತು 'ಮೊದಲು ಇಮೇಲ್ ಕಳಿಸಿ, ಆಮೇಲೆ ನೋಡೋಣ' ಎನ್ನುವುದರ ಸಭ್ಯ ರೂಪವೆಂದು ನನಗೆ ಗೊತ್ತಿರಲಿಲ್ಲವೇ? ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ, ಗೊತ್ತಿತ್ತು. ಆದರೆ ನಮ್ಮ ಕಡೆಯ ರೂಢಿ ಎಲ್ಲಿ ಬಿಡುತ್ತದೆ? ಬರ್ರಿ ಎಂದು ಬಾಯಿಬಿಟ್ಟು ಕರೆದ ಮೇಲೆ ಹೋಗದಿದ್ದರೆ ಅವರಿಗೆ ಅವಮಾನ ಮಾಡಿದಂತೆ. ಮುಂದಿನ ಗುರುವಾರವೇ ಹೊರಟುನಿಂತೆ.

"ಅವರು ಬಾಯಿಮಾತಿಗೆ ಅಂದಿರ್ತಾರ. ನೀ ಖರೇನ ಹೊಂಟೀಯಲ್ಲ" ಎಂದರು ಯಜಮಾನರು.

"ಕರದ ಮ್ಯಾಲೆ ಹೋಗಬೇಕ್ರಿ. ಇಲ್ಲಂದ್ರ ಅವರಿಗೆ ಏನ ಅನಸ್ತದ" ಎಂದೆ.

ಇನ್ನು, ಗುರುಗಳನ್ನು ಕಾಣಲು ಬರಿಗೈಲಿ ಹೋಗುವುದುಂಟೇ. ಉಪನಿಷತ್ತಿನ ಕಾಲದಲ್ಲಿ ಶಿಷ್ಯರು ಕೈಯಲ್ಲಿ ಸಮಿತ್ತು ಹಿಡಿದು ಗುರುವಿನ ಎದುರು ನಿಲ್ಲುತ್ತಿದ್ದರಂತೆ. ಟೆಕ್ಸಸ್ಸಿನಲ್ಲಿ ಕಟ್ಟಿಗೆ ಹಿಡಿದು ಶಾಲೆಗೆ ಹೋದರೆ ಪೊಲೀಸರು ಬರುತ್ತಾರೆ. ಆದ್ದರಿಂದ ಬಿಸಿಬಿಸಿ ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಸಿಕೊಂಡು ಹೋದೆ. ಶಾಲೆಯ ಬಾಗಿಲ ಬಳಿಯ ಆಫೀಸಿನಲ್ಲಿ ನನ್ನ ಡ್ರೈವರ್ಸ್ ಲೈಸೆನ್ಸ್ ಸ್ಕ್ಯಾನ್ ಮಾಡಿ, ಫೋಟೋ ಇದ್ದ ಸ್ಟಿಕರನ್ನು ಎದೆಗೆ ಅಂಟಿಸಿದ ಹುಡುಗಿ, ಡಬ್ಬಿಯಲ್ಲಿ ಏನು ಎಂದು ಕೇಳಿದಳು. ನಾನು ಹೆಮ್ಮೆಯಿಂದ ಹೇಳಿದೆ. ಅವಳ ಮುಖ ಬಿಳುಚಿಕೊಂಡಿತು. ಶೇಂಗಾ ಅಂದರೆ ಆಗಿಬರದ, ವಾಸನೆಗೇ ಉಸಿರು ಕಟ್ಟುವ ಮಕ್ಕಳು ಇಲ್ಲಿದ್ದಾರಂತೆ. ಆ ಆಫೀಸಿನೊಳಗೆ ಅದನ್ನು ತರುವಂತೆಯೇ ಇಲ್ಲ. ಡಬ್ಬಿಯನ್ನು ತೋಳುದ್ದ ದೂರದಲ್ಲಿ ಹಿಡಿದುಕೊಂಡು ನನ್ನ ಕಾರಿನವರೆಗೂ ಬಂದು ಒಳಗಿಡಿಸಿ ಹೋದಳು. ಉತ್ತರ ಕರ್ನಾಟಕದವರು ಅಡುಗೆಮನೆಯಲ್ಲಿ ಶೇಂಗಾ ಮುಟ್ಟದೆ ಒಂದು ದಿನ ಕಳೆಯುವುದು ಹೇಗೆ ಎಂದು ಅವಳಿಗೆ ವಿವರಿಸೋಣವೆನಿಸಿತು. ಮುಂದಿನ ವಾರದಿಂದ ಬೇಸನ್ ಉಂಡಿಗೆ ಬದಲಾಯಿಸಿಕೊಂಡೆ.

ಹೌದು, ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ ಹೋದೆ. ನಾನು ಮನೆಯಿಂದಲೇ ಕಂಪನಿಯೊಂದರ ಲೆಕ್ಕಪತ್ರ ನೋಡುವವಳು. ಮಧ್ಯಾಹ್ನ ಒಂದು ಗಂಟೆ ಬಿಡುವು ಮಾಡಿಕೊಳ್ಳುವುದು ಕಷ್ಟವಿರಲಿಲ್ಲ. ಶುರುವಿನಲ್ಲಿ ಗೌರಿಯ ಮಾತೇ ಆಡುತ್ತಿದ್ದೆವು. ಅವಳು ಊಟದ ಹೊತ್ತಿನಲ್ಲಿ ಲೈಬ್ರರಿಯ ಮೂಲೆಯಲ್ಲಿ ಒಬ್ಬಳೇ ಕೂರುತ್ತಾಳೆಂದು ತಿಳಿದದ್ದು ಅಲ್ಲೇ. ಅದನ್ನು ಕೇಳಿದ ದಿನ ಟಿಶ್ಯೂ ಡಬ್ಬಿಯ ಉಪಯೋಗವೂ ನನಗೆ ತಿಳಿಯಿತು. ಆಮೇಲೆ ಮಾತು ಎತ್ತೆತ್ತಲೋ ಹರಿಯತೊಡಗಿತು. ಪೇರ್ಲ್ಯಾಂಡ್‌ನ ಮೀನಾಕ್ಷಿ ಗುಡಿಯ ಅಂಗಳ, ಅಲ್ಲಿ ಪ್ರತಿ ಶನಿವಾರ ಸೇರುತ್ತಿದ್ದ ನನ್ನ ಗೆಳತಿಯರು, ಹೇಳದೇ ಕೇಳದೇ ಮನೆಗೆ ಬಂದು ಚಹಾ ಕುಡಿಯುತ್ತಿದ್ದ ಎದುರುಮನೆಯ ಆಂಟಿ. ಮಿಸೆಸ್ ಡೆಲ್ಗಾಡೊ ಉಂಡಿ ತಿನ್ನುತ್ತಾ "ಆಮೇಲೆ?" ಎನ್ನುತ್ತಿದ್ದರು. "ಆಮೇಲೆ?" ಎಂದು ಕೇಳುವವರು ಸಿಕ್ಕರೆ ಹುಬ್ಬಳ್ಳಿಯವರು ಮಾತು ನಿಲ್ಲಿಸುತ್ತಾರೆಯೇ?

ಶಾಲೆಯ ಬದುಕಿಗೂ ಕೈ ಹಾಕಿದೆ. ಬ್ಯಾಂಡಿನ ಮಕ್ಕಳಿಗೆ ನೀರು ಹಂಚಿದೆ. ಹೋಮ್‌ಕಮಿಂಗ್ ಎಂಬ, ಹಳೆಯ ವಿದ್ಯಾರ್ಥಿಗಳೂ ಬಂದು ಸೇರುವ ಶಾಲೆಯ ಹಬ್ಬಕ್ಕೆ ಇಲ್ಲಿನ ಹುಡುಗಿಯರು ತಟ್ಟೆಯಗಲದ ರೇಷ್ಮೆ ಸೇವಂತಿಗೆಗೆ ಮೊಳಕಾಲಿನವರೆಗೆ ಇಳಿಯುವ ರಿಬ್ಬನ್ನು, ಗೆಜ್ಜೆ, ಗೊಂಬೆ ಕಟ್ಟಿ ಎದೆಗೆ ತೂಗುಬಿಟ್ಟುಕೊಳ್ಳುತ್ತಾರೆ. ಅದನ್ನು ಕಟ್ಟುವ ತಾಯಂದಿರ ಗುಂಪಿಗೂ ಸೇರಿದೆ. ಮದುವೆಮನೆಯಲ್ಲಿ ಹೂವಿನ ದಂಡೆ ಕಟ್ಟಿದ ಕೈ ನನ್ನದು. ಒಂದೇ ಸಂಜೆಯಲ್ಲಿ ಮೇಸ್ತ್ರಿಯಾಗಿಬಿಟ್ಟೆ. ಎಂಥ ಸಂಭ್ರಮ, ಎಂಥ ಗದ್ದಲ, ಎಷ್ಟು ಬಣ್ಣ. ಮನೆಗೆ ಬಂದು ಎಲ್ಲವನ್ನೂ ಗೌರಿಗೆ ವರ್ಣಿಸಿದೆ. "ಗುಡ್ ಫಾರ್ ಯು, ಅಮ್ಮಾ" ಎಂದಳು. ಆ ಸಂಭ್ರಮದಲ್ಲಿ ತನಗೇನೂ ಪಾಲಿಲ್ಲ ಎನ್ನುವಂತಿತ್ತು ಆ ಮಾತು. ಆಗ ಮಾತ್ರ ನನ್ನ ಉತ್ಸಾಹ ಸ್ವಲ್ಪ ಇಳಿಯಿತು.

ನವೆಂಬರಿನ ಒಂದು ಗುರುವಾರ ಸಂಜೆ, ನಾನು ಚಪಾತಿ ಲಟ್ಟಿಸುತ್ತಿದ್ದಾಗ ಗೌರಿ ಬಂದು ಕಟ್ಟೆಯ ಮೇಲೆ ಕೂತಳು. ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಹೇಳುತ್ತೇನೆ. ತನಗೂ ಮಿಸೆಸ್ ಡೆಲ್ಗಾಡೊ ಜೊತೆ ಮಾತಾಡಬೇಕು ಅನಿಸಿತಂತೆ. ಬಹಳ ದಿನ ಯೋಚಿಸಿ, ಧೈರ್ಯ ಮಾಡಿ ಹೋದಳಂತೆ. ಒಳಗೆ ಯಾರೋ ಪೇರೆಂಟ್ ಇದ್ದಾರೆ, ಕೂತಿರು ಎಂದರಂತೆ. ಒಳಗಿನಿಂದ ನನ್ನ ನಗು ಕೇಳಿಸಿತಂತೆ. ಬೇರೊಂದು ಗುರುವಾರ ಹೋದಾಗಲೂ ಅದೇ ನಗು.

"ಶೀ ಈಸ್ ಮೈ ಕೌನ್ಸೆಲರ್, ಅಮ್ಮಾ" ಎಂದಳು. ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ತನ್ನ ಸೀಟಿನಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿದಳು.

ಲಟ್ಟಣಿಗೆ ಕೆಳಗಿಟ್ಟೆ. ಮಗಳಿಗೆಂದು ಇಟ್ಟ ಕುರ್ಚಿಯಲ್ಲಿ ತಿಂಗಳುಗಟ್ಟಲೆ ನಾನೇ ಕೂತಿದ್ದೆ. ನಾಚಿಕೆಯಿಂದ ಮುಖ ಬಿಸಿಯಾಯಿತು. "ಎಷ್ಟೊತ್ತು ಕಾದಿ ಕೂಸ?" ಎಂದೆ.

"ಫಾರೆವರ್" ಎಂದವಳು ನಕ್ಕುಬಿಟ್ಟಳು. ಆ ಬೆಂಚಿನ ಮೇಲೆ ಇನ್ನೊಬ್ಬ ಹುಡುಗಿಯೂ ಕಾಯುತ್ತಿದ್ದಳಂತೆ. ರೇಚಲ್ ಎಂದು, ಓಹಾಯೋದಿಂದ ಹೊಸದಾಗಿ ಬಂದವಳು. ಒಳಗಿನ ಹೆಂಗಸು ಮಾತು ಮುಗಿಸುವ ಲಕ್ಷಣವೇ ಇಲ್ಲವಲ್ಲ ಎಂದು ಅವಳು ಗೊಣಗಿದಾಗ, ಗೌರಿ ಸಂಕೋಚದಿಂದ, ಆ ಹೆಂಗಸು ನಮ್ಮಮ್ಮ ಎಂದಳಂತೆ. ಅಲ್ಲಿಂದ ಶುರುವಾದ ಮಾತು. ಈಗ ಇಬ್ಬರೂ ಊಟಕ್ಕೆ ಜೊತೆಗೇ ಕೂರುತ್ತಾರೆ, ಲೈಬ್ರರಿಯಲ್ಲಲ್ಲ, ಎಲ್ಲರ ನಡುವೆ. ಅಷ್ಟು ಕೋಣೆಗಳು, ಅಷ್ಟು ಏರ್ಪಾಡುಗಳು ಮಾಡಲಾಗದ್ದನ್ನು ನನ್ನ ಹರಟೆ ಮಾಡಿತ್ತು. ಯಜಮಾನರಿಗೆ ಹೇಳಿದಾಗ, "ನಿನ್ನ ಬಾಯಿಯಿಂದ ಇಷ್ಟಾದರೂ ಉಪಕಾರ ಆತಲ್ಲ" ಎಂದರು. ನನಗೆ ಕುಣಿಯುವಷ್ಟು ಖುಷಿ. ಆದರೆ ಕ್ರಿಸ್‌ಮಸ್ಸಿನ ಮಾತು ಅವಳೂ ಎತ್ತಲಿಲ್ಲ, ಕೇಳಲು ನನಗೂ ಧೈರ್ಯ ಬರಲಿಲ್ಲ. ಗುರುವಾರ ಶಾಲೆಗೆ ಹೋಗುವುದನ್ನಂತೂ ಬಿಟ್ಟೆ. ಮಧ್ಯಾಹ್ನವಾದರೆ ಮನೆ ಬಿಕೋ ಎನ್ನುತ್ತಿತ್ತು.

ರಜೆ ಹತ್ತಿರ ಬಂದ ಒಂದು ಶನಿವಾರ, ಇಲ್ಲಿ ಹದಿನಾರಕ್ಕೇ ಸಿಗುವ ಲೈಸೆನ್ಸ್ ಪಡೆದಿದ್ದ ಗೌರಿ ಕಾರಿನ ಕೀ ತೆಗೆದುಕೊಂಡು ನನ್ನ ಮುಂದೆ ನಿಂತಳು. ರೇಚಲಳ ತಾಯಿಗೂ ಈ ಊರಿನಲ್ಲಿ ಯಾರೂ ಪರಿಚಯವಿಲ್ಲವಂತೆ. ಆಕೆಯೂ ಮಗಳ ತಲೆ ತಿನ್ನುತ್ತಾಳಂತೆ. ಇಬ್ಬರು ಹುಡುಗಿಯರೂ ಸೇರಿ ನಮ್ಮಿಬ್ಬರನ್ನು ಒಂದು ಕಾಫಿ ಅಂಗಡಿಯಲ್ಲಿ ಕೂರಿಸಲು ನಿಶ್ಚಯಿಸಿಬಿಟ್ಟಿದ್ದರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೊರಟವಳ ಹಾಗೆ ನಾನು ಎರಡು ಸಲ ಸೀರೆ ಬದಲಿಸಿ, ಕೊನೆಗೆ ಚೂಡಿದಾರ್ ಹಾಕಿಕೊಂಡೆ.

ದಾರಿಯಲ್ಲಿ, ಸಿಗ್ನಲ್ಲಿಗೆ ನಿಂತಾಗ, ರಸ್ತೆಯ ಮೇಲಿಟ್ಟ ಕಣ್ಣು ತೆಗೆಯದೆ ಅವಳು ಕನ್ನಡದಲ್ಲೇ ಹೇಳಿದಳು: "ಮಾಮಾಗ ಫೋನ್ ಮಾಡಿದ್ದೆ. ಬರೇ ರಜಾಕ್ಕ ಬರ್ತೀನಿ ಅಂದೆ."

ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅಂಗಡಿಯ ಮುಂದೆ ಇಳಿಸಿ, "ಅವರಿಗೂ ಮಾತಾಡಾಕ ಬಿಡು, ಅಮ್ಮಾ" ಎಂದಳು. ನಾನು ಸೆರಗಿಲ್ಲದ ಭುಜ ಸರಿಮಾಡಿಕೊಂಡು ನಡೆದೆ. ಬಾಗಿಲ ಹತ್ತಿರ ಕಾಲು ಯಾಕೋ ತಡೆಯಿತು, ಒಳಗಿದ್ದವರೆಲ್ಲ ಅಪರಿಚಿತರು. ತಿರುಗಿ ನೋಡಿದೆ. ಕಾರು ಕದಲಿರಲಿಲ್ಲ. ಗೌರಿ ಗಾಜು ಇಳಿಸಿ, ಹೋಗು ಹೋಗು ಎಂದು ಕೈಸನ್ನೆ ಮಾಡಿದಳು; ಬಾಲವಾಡಿಯ ಮೆಟ್ಟಿಲಲ್ಲಿ ಅಳುವ ಮಕ್ಕಳಿಗೆ ತಾಯಂದಿರು ಮಾಡುವ ಹಾಗೆ. ನಾನು ಒಳಗೆ ಹೋದ ಮೇಲೇ ಕಾರು ಹೊರಟಿತು.